ಚಪ್ಪಲಿ ಬೀಚು

ಇಪ್ಪತ್ತೇಳು ವರ್ಷ ಹೇಳಿಕೊಟ್ಟಿದ್ದೇನೆ, ರಾಗವಾಗಿ:
ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗಕ್ಕೆ
ದ್ವೀಪ ಎನ್ನುತ್ತಾರೆ.
ಕಿಟಕಿಯಾಚೆ ಆಟೋ ಹಾರ್ನು, ಬೆರಳಿಗೆ ಸೀಮೆಸುಣ್ಣ.
ಯಾವ ದ್ವೀಪಕ್ಕೂ ಕಾಲಿಟ್ಟವಳಲ್ಲ.

ಆಷಾಢದ ಶನಿವಾರ, ಅರ್ಧ ದಿನದ ಸ್ಕೂಲು.
ಹಲಸೂರು ಕೆರೆ ಏರಿಯ ಮಳೆಮರಗಳನ್ನು
ಗಾಳಿ ಜುಟ್ಟು ಹಿಡಿದು ಜಗ್ಗುತ್ತಿತ್ತು.
ಬೇಲಿಯೊಳಗಿಂದ ಯಾರೋ ಕೂಗಿದರು:
"ಮಿಸ್! ಗುರ್ತು ಸಿಕ್ತಾ?"
ಏಳುಮಲೈ. ತೊಂಬತ್ತೆಂಟರ ಬ್ಯಾಚು, ಏಳನೇ ಬಿ.
ಈಗ ಕೆರೆ ಕಳೆ ಕೀಳುವ ಗುತ್ತಿಗೆಯಲ್ಲಿ;
ತೊಡೆತನಕ ರಬ್ಬರು ಬೂಟು, ತಲೆಗೆ ಬಿಗಿದ ಟವೆಲು.
"ಬನ್ನಿ, ಐಲ್ಯಾಂಡ್ ತೋರಿಸ್ತೀನಿ."

ಭೂಗೋಳದಲ್ಲಿ ಅವನಿಗೆ ಹನ್ನೊಂದು.
ಕೊಟ್ಟವಳು ನಾನೇ.

ಕಬ್ಬಿಣದ ಚಪ್ಪಟೆ ದೋಣಿ.
ಅವನು ಗಳ ಊರಿ ತಳ್ಳುತ್ತಿದ್ದ; ನಾನು
ಸೆರಗನ್ನೂ ಬ್ಯಾಗನ್ನೂ ಜೀವವನ್ನೂ
ಒಂದೇ ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ.
ನೀರಿಗೆ ಹಳಸಿದ ಸೊಪ್ಪಿನ ಸಾರಿನ ವಾಸನೆ.
ಆದರೂ ಅಲೆ! ಗೇಣುದ್ದದವು, ಆದರೆ ಅಲೆಗಳೇ,
ಪ್ರಾರ್ಥನೆಗೆ ತಡವಾದ ಮಕ್ಕಳಂತೆ
ಒಂದರ ಬೆನ್ನಿಗೊಂದು ಮುಗ್ಗರಿಸುತ್ತ.

ಪಡುವಣ ದಡ ಮೊದಲು ಸಿಕ್ಕಿತು.
"ಇದು ಚಪ್ಪಲಿ ಬೀಚು" ಅಂದ.
ಗಾಳಿ ಕೆರೆಯನ್ನೆಲ್ಲ ಗುಡಿಸಿ ಇಲ್ಲಿ ತಂದು ಒಟ್ಟುತ್ತದಂತೆ:
ಥರ್ಮೋಕೋಲು, ಒಡೆಯದ ತೆಂಗಿನಕಾಯಿ,
ಹೋದ ವರ್ಷದ ಗಣಪನ ಮಣೆ (ಮೊಳೆ ಇನ್ನೂ ಇದೆ),
ಮತ್ತೆ ಚಪ್ಪಲಿ, ಚಪ್ಪಲಿ, ಹವಾಯಿ, ಲೆದರು, ಮಗುವಿನದೊಂದು ಗೆಜ್ಜೆಯದ್ದು.
"ಎಡಗಾಲಿಂದೇ ಜಾಸ್ತಿ. ಯಾಕ್ ಮಿಸ್?"
ನನಗೆ ಗೊತ್ತಿರಲಿಲ್ಲ. ಪಾಠದಲ್ಲಿ ಬಂದಿರಲಿಲ್ಲ.

ತೆಂಕಣ ಮೂಲೆಯಲ್ಲಿ ಇಪ್ಪತ್ತು ಹೆಜ್ಜೆ ನಿಜವಾದ ಮರಳು.
ಯಾವುದೋ ವರ್ಷ ರಿಪೇರಿಗೆ ಹೊರಟ ಮರಳಿನ ದೋಣಿ
ಇಲ್ಲೇ ಮಗುಚಿತಂತೆ, ಕಂಟ್ರಾಕ್ಟರು ಬಿಲ್ಲು ಮಾಡಿಕೊಂಡನಂತೆ.
ಬಗ್ಗಿ ನೋಡಿದೆ. ಜೀರಿಗೆಯಷ್ಟು ಶಂಖ,
ಒಳಗೆ ಕೆಸರು ತುಂಬಿಕೊಂಡು, ಆದರೂ ಸುರುಳಿ ಸುರುಳಿ.
ಎಷ್ಟೋ ಹೊತ್ತು ಬಗ್ಗಿಯೇ ಇದ್ದೆ.

ಆ ಮೂಲೆ ತಿರುಗಿದ್ದೇ ಗಾಳಿ ನಿಂತಿತು,
ತಲೆಯೊಳಗೆ ಯಾರೋ ಫ್ಯಾನು ಆರಿಸಿದ ಹಾಗೆ.
ಮೂಡಣ ದಡಕ್ಕೆ ಅವನು ಹೆಸರಿಟ್ಟಿರಲಿಲ್ಲ.
ನೆಲವೆಲ್ಲ ಹಿಕ್ಕೆಯಿಂದ ಬೆಳ್ಳಗೆ, ಮೇಲೆ
ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಹಾಕಿ ಕೂತಿದ್ದವು,
ಕೊಡೆ ರಿಪೇರಿಯವನ ಅಂಗಡಿಯಂತೆ.
ಅವನು ದನಿ ತಗ್ಗಿಸಿದ:
"ನೆನಪಿದ್ಯಾ ಮಿಸ್? ದ್ವೀಪ ಎಂದರೇನು ಅಂತ ಕೇಳಿದ್ರಿ.
ನಾನು ಬರೆದೆ, ನಮ್ಮ ಮನೆ ಹಿಂದೆ ಇದೆ,
ನಮ್ಮಪ್ಪ ದಿನಾ ಹೋಗಿ ಬರ್ತಾರೆ.
ಕೆಂಪಿಂಕಲ್ಲಿ ಗೀಟು ಎಳೆದ್ರಿ, ಈ ತುದಿಯಿಂದ ಆ ತುದಿಗೆ."

ನೆನಪಿರಲಿಲ್ಲ. ಹೌದು ಅಂದೆ.
ಅವನು ನಕ್ಕ, ಟವೆಲಿನಲ್ಲಿ ಮೂಗೊರೆಸಿಕೊಂಡ.
ಅಷ್ಟೇ, ಮತ್ತೇನೂ ಆಗಲಿಲ್ಲ.
ಗುರುದ್ವಾರದ ಬಿಳಿ ಗುಮ್ಮಟದ ಹಿಂದೆ
ಮೋಡ ಕಟ್ಟುತ್ತಿತ್ತು, ಕಟ್ಟುವುದು ಬಿಡುತ್ತಿತ್ತು.

ಬರುವಾಗ ಗಳ ನನ್ನ ಕೈಗಿತ್ತ.
ದೋಣಿ ಗಾಣದೆತ್ತಿನಂತೆ ನಿಂತಲ್ಲೇ ಸುತ್ತಿತು.
"ಗಾಳಿಗೆ ಎದುರು ಹಾಕ್ಬೇಡಿ ಮಿಸ್, ಓರೆ! ಓರೆ!"
"ಎಷ್ಟು ಮಾರ್ಕು?" ಅಂದೆ ಏದುಸಿರಲ್ಲಿ.
ಸ್ವಲ್ಪ ಯೋಚಿಸಿ ಹೇಳಿದ: "ಹನ್ನೆರಡು."

ಏರಿ ಹತ್ತುವಾಗ ನೋಡಿಕೊಂಡೆ.
ದೋಣಿ ಹತ್ತುವ ಗಡಿಬಿಡಿಯಲ್ಲಿ ಆ ಕೆಸರು
ನನ್ನದೂ ಒಂದನ್ನು ಇಟ್ಟುಕೊಂಡಿದೆ.
"ತಂದ್ಕೊಡ್ಲಾ?" ಆಗಲೇ ಗಳ ಎತ್ತಿದ್ದ.
ಬೇಡ, ಇರಲಿ ಬಿಡು ಅಂದೆ.

ಬಸ್ ಸ್ಟಾಪಿನ ತನಕ ಒಂದು ಕಾಲು ಬರಿಗಾಲು.
ತಣ್ಣನೆ ಸಿಮೆಂಟು, ಉದುರಿದ ಕಾಯಿ, ಗಾಳಿಯ ಧೂಳು.
ಎಡಗಾಲಿನದೇ.